ಅರಸ ಹೋದಾಗ ಏಳದ ದಂಗೆ ಮೂರು ವರ್ಷದ ಮೇಲೆ ಎದ್ದಿದ್ದೇಕೆ?

1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ನಾಲ್ಕು ದಂಡಾಗಿ ಕೊಡಗಿಗೆ ನುಗ್ಗಿತು. ಚಿಕ್ಕವೀರರಾಜೇಂದ್ರ ಶರಣಾದ. ಮೇ 7ರಂದು ಕೊಡಗು ಇನ್ನು ಕಂಪನಿಯದು ಎಂದು ಸಾರಿದರು. ತಲೆಮಾರುಗಳಿಂದ ಆಳಿದ ಹಾಲೇರಿ ಮನೆತನದ ಕಥೆ ಮುಗಿಯಿತು. ಅರಸನನ್ನು ಮೊದಲು ವೆಲ್ಲೂರಿಗೆ, ಆಮೇಲೆ ಕಾಶಿಗೆ ಕಳಿಸಿದರು. ನಾಡು ಹೊತ್ತಿ ಉರಿಯಬೇಕಿತ್ತು, ಅಲ್ವಾ? ಉರಿಯಲಿಲ್ಲ.

ಉರಿದದ್ದು ಮೂರು ವರ್ಷದ ಮೇಲೆ. ಅದೂ ಮಡಿಕೇರಿಯಲ್ಲಿ ಅಲ್ಲ, ಘಟ್ಟದ ಕೆಳಗೆ, ಸುಳ್ಯದಲ್ಲಿ. 1837ರ ಮಾರ್ಚ್ ಕೊನೆಗೆ ಅಲ್ಲಿನ ಕಂದಾಯದ ಅಧಿಕಾರಿ ಅಟ್ಲೂರು ರಾಮಪ್ಪಯ್ಯನನ್ನು ಕೊಂದರು. ಬೆಳ್ಳಾರೆಯ ಖಜಾನೆ ದಂಗೆಕೋರರ ಕೈಗೆ ಬಂತು. ಏಪ್ರಿಲ್ 5ಕ್ಕೆ ಅವರು ಮಂಗಳೂರಿನಲ್ಲಿದ್ದರು. ಬಾವುಟಗುಡ್ಡೆಯ ಮೇಲೆ ತಮ್ಮ ಬಾವುಟ ಹಾರಿಸಿ 13 ದಿನ ಊರನ್ನು ಹಿಡಿದಿಟ್ಟುಕೊಂಡರು. ಇದೇ ಅಮರ ಸುಳ್ಯ ದಂಗೆ. ಕರಾವಳಿಯ ಹಳಬರ ಬಾಯಲ್ಲಿ ಕಲ್ಯಾಣಪ್ಪನ ಕಾಟಕಾಯಿ.

ಶಾಲೆಯ ಪುಸ್ತಕಗಳು ಇದಕ್ಕೆ ಕೊಡುವ ಉತ್ತರ ಸುಲಭದ್ದು: ಜನರಿಗೆ ಪರಕೀಯರ ಆಳ್ವಿಕೆ ಬೇಡವಾಗಿತ್ತು. ಬೇಡವಾಗಿತ್ತು, ಸರಿ. ಆದರೆ ಆ ಉತ್ತರದಿಂದ 1834 ಯಾಕಲ್ಲ, 1837 ಯಾಕೆ ಅನ್ನೋದು ಗೊತ್ತಾಗುವುದಿಲ್ಲ. ಮಡಿಕೇರಿ ಯಾಕಲ್ಲ, ಸುಳ್ಯ ಯಾಕೆ ಅನ್ನೋದೂ ಗೊತ್ತಾಗುವುದಿಲ್ಲ. ಎರಡು ಕಡೆಗೂ ಅರಸ ಒಬ್ಬನೇ ಆಗಿದ್ದ. ಆಮೇಲೆ ಬಂದ ಕಂಪನಿಯೂ ಒಂದೇ. ಹಾಗಿದ್ದರೆ ಎರಡು ಕಡೆ ಬೇರೆಯಾಗಿದ್ದು ಏನು?

ಬೇರೆಯಾಗಿದ್ದು ಕಂದಾಯ. ಅಮರ ಸುಳ್ಯ, ಪುತ್ತೂರಿನ ಕಡೆಯ ಮಾಗಣೆಗಳು, ಅಂದರೆ ಹಲವು ಊರು ಸೇರಿದ ಕಂದಾಯ ವಿಭಾಗಗಳು, ಅರಸನ ಕಾಲದಲ್ಲಿ ಕೊಡಗಿಗೆ ಸೇರಿದ್ದವು. 1834ರ ನಂತರ ಕಂಪನಿ ಅವನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ರೈತ ಬೆಳೆದದ್ದರಲ್ಲೇ ಕಂದಾಯ ಕೊಡುತ್ತಿದ್ದ. ಈಗ ನಗದು ಕೊಡಬೇಕಾಯಿತು. ಕೇಳಲು ಇದು ಲೆಕ್ಕದ ಪುಸ್ತಕದ ಸಣ್ಣ ತಿದ್ದುಪಡಿ. ಮನೆಯ ಅಡುಗೆಕೋಣೆಯವರೆಗೆ ಅದು ಹೇಗೆ ಮುಟ್ಟುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ನಾನು ಸುಮ್ನೆ ಊಹಿಸಿಕೊಂಡವು.

ಒಂದು ಮನೆಗೆ 100 ಮುಡಿ (ಕರಾವಳಿಯಲ್ಲಿ ಅಕ್ಕಿಯ ಅಳತೆ) ಅಕ್ಕಿ ಆಗುತ್ತದೆ ಎನ್ನಿ. ಕಾಲು ಭಾಗ ಅರಮನೆಗೆ. 25 ಕೊಟ್ಟರೆ 75 ಉಳಿಯುತ್ತದೆ. ಮಳೆ ಕೈಕೊಟ್ಟು 50 ಮುಡಿಯಷ್ಟೇ ಆದರೆ ಹನ್ನೆರಡೂವರೆ ಕೊಟ್ಟು ಮೂವತ್ತೇಳೂವರೆ ಇಟ್ಟುಕೊಳ್ಳುತ್ತಾರೆ. ಕಷ್ಟವೇ, ಆದರೆ ನಷ್ಟದಲ್ಲಿ ಅರಮನೆಗೂ ಪಾಲಿದೆ. ಈಗ ಕಂದಾಯ 25 ರೂಪಾಯಿ ಎಂದು ಗೊತ್ತುಮಾಡಿ. ಮುಡಿಗೆ ಒಂದು ರೂಪಾಯಿ ಬೆಲೆ ಇದ್ದು ಬೆಳೆಯೂ ಚೆನ್ನಾಗಿದ್ದರೆ ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ವ್ಯತ್ಯಾಸವೇ ಇಲ್ಲ. ಬೆಲೆ ಎಂಟಾಣೆಗೆ ಇಳಿಯಲಿ. ಅದೇ 25 ರೂಪಾಯಿಗೆ 50 ಮುಡಿ ಮಾರಬೇಕು. ಬೆಳೆಯೂ ಅರ್ಧವಾದ ವರ್ಷ ಬೆಲೆಯೂ ಬಿದ್ದರೆ ಬೆಳೆದದ್ದೆಲ್ಲ ಕಂದಾಯಕ್ಕೇ ಹೋಯಿತು. ಕಂಪನಿಗೆ ಮಾತ್ರ ಮೂರೂ ಸಲ 25 ರೂಪಾಯಿ ಬಂತು. ಕಾಫಿ, ಮೆಣಸು ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಲೆ ಬೀಳುವುದು ಬರೀ ಊಹೆಯೂ ಅಲ್ಲ. 1820ರ ದಶಕದಿಂದ 1850ರ ದಶಕದ ಆರಂಭದವರೆಗೆ ಮದ್ರಾಸ್ ಪ್ರಾಂತ್ಯದಲ್ಲಿ ಧಾನ್ಯದ ಬೆಲೆ ಕುಸಿದೇ ಇತ್ತು. ಅದಕ್ಕೆ ಕೊಯ್ಲಿನ ಕಾಲದ ಮಾಮೂಲಿ ತೊಂದರೆಯೂ ಸೇರುತ್ತದೆ. ಎಲ್ಲರಿಗೂ ಒಟ್ಟಿಗೇ ರೂಪಾಯಿ ಬೇಕು, ಎಲ್ಲರೂ ಒಟ್ಟಿಗೇ ಮಾರುತ್ತಾರೆ, ಬೆಲೆ ಇನ್ನಷ್ಟು ಇಳಿಯುತ್ತದೆ. ನಗದು ಸಿಗದವನು ಸಾಹುಕಾರನ ಮನೆ ಮೆಟ್ಟಿಲು ಹತ್ತುತ್ತಾನೆ. ಇದರ ಮೇಲೆ ಕೆನರಾದಲ್ಲಿ ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರ ಪೂರ್ತಿ ಕಂಪನಿಯ ಹಿಡಿತದಲ್ಲಿತ್ತು.

ಅಮೆರಿಕದ ಸಮಾಜವಿಜ್ಞಾನಿ ಜೇಮ್ಸ್ ಸ್ಕಾಟ್ 1930ರ ಸುಮಾರಿಗೆ ಬರ್ಮಾ ಮತ್ತು ವಿಯೆಟ್ನಾಂನಲ್ಲಿ ನಡೆದ ರೈತ ದಂಗೆಗಳನ್ನು ಅಧ್ಯಯನ ಮಾಡಿ ಇಂಥದ್ದೇ ಮಾತು ಹೇಳಿದರು. ರೈತ ಮೊದಲು ನೋಡುವುದು ಎಷ್ಟು ಕಿತ್ತುಕೊಂಡರು ಎಂದಲ್ಲ, ತನಗೆ ಎಷ್ಟು ಉಳಿಯಿತು ಎಂದು. ಒಳ್ಳೆಯ ವರ್ಷ ಜಾಸ್ತಿ ಕೇಳಿ ಕೆಟ್ಟ ವರ್ಷ ಬಿಟ್ಟುಕೊಡುವ ಒಡೆಯನನ್ನು ಅವನು ಸಹಿಸುತ್ತಾನೆ. ಪ್ರತಿ ವರ್ಷ ಅಷ್ಟೇ ಕೇಳಿ ಒಂದು ಕಾಸೂ ಬಿಡದವನನ್ನು ಸಹಿಸುವುದಿಲ್ಲ. ಚಿಕ್ಕವೀರರಾಜೇಂದ್ರನ ಕ್ರೌರ್ಯದ ಕಥೆಗಳನ್ನು ಕಂಪನಿ ಬಣ್ಣ ಕಟ್ಟಿ ಹೇಳಿಕೊಂಡಿತು, ಅವುಗಳಲ್ಲಿ ನಿಜವೂ ಇದ್ದೀತು. ಆದರೆ ಅವನ ಕೋಪ ಹೆಚ್ಚಾಗಿ ಅರಮನೆಯ ಸುತ್ತಲಿನವರ ಮೇಲೆ ತಿರುಗಿತ್ತು. ನಗದು ಕಂದಾಯ ಪ್ರತಿ ಮನೆಗೂ ಬಂತು.

ಘಟ್ಟದ ಮೇಲೆ ಕಂಪನಿ ಹೀಗೆ ಕೈಹಾಕಲಿಲ್ಲ. ಅರಸನಿಗೆ ಸಲ್ಲಿಸುವ ಸೇವೆಗೆ ಪ್ರತಿಯಾಗಿ ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಸಿಗುತ್ತಿದ್ದ ಜಮ್ಮಾ ಭೂಮಿಯ ಪದ್ಧತಿ ಮುಂದುವರಿಯಿತು. ಅರಸನ ದಿವಾನರಾಗಿದ್ದವರು ದಿವಾನರಾಗಿಯೇ ಉಳಿದರು. ಇಲ್ಲಿ ರಾಜ್ಯಗಳು ಯಾಕೆ ಉರುಳುತ್ತವೆ ಎಂದು ಅಧ್ಯಯನ ಮಾಡಿದ ಜಾಕ್ ಗೋಲ್ಡ್‌ಸ್ಟೋನ್, ಪೀಟರ್ ಟರ್ಚಿನ್ ಅವರ ವಾದ ಉಪಯೋಗಕ್ಕೆ ಬರುತ್ತದೆ. ಜನರ ಬಡತನ ಒಂದರಿಂದಲೇ ರಾಜ್ಯ ಉರುಳುವುದಿಲ್ಲ, ಮೇಲ್ವರ್ಗವೂ ಒಡೆಯಬೇಕು ಎನ್ನುತ್ತಾರೆ ಅವರು. ಸ್ಥಾನ ಸಿಗದ ಪ್ರಬಲರು ಜನರ ಸಿಟ್ಟಿಗೆ ನಾಯಕರಾಗುತ್ತಾರೆ. ಮಡಿಕೇರಿಯಲ್ಲಿ ದಿವಾನ ಬೋಪು ಕಂಪನಿಯ ಪರ ನಿಂತ. ದಿವಾನ ಲಕ್ಷ್ಮೀನಾರಾಯಣನ ಮೇಲೆ ಸಂಶಯ ಬಂದು ಸೆರೆಯಲ್ಲಿಟ್ಟರು. ಬಿರುಕು ಬಿಟ್ಟಿತ್ತು, ಆದರೆ ಸೀಳಲಿಲ್ಲ. ಘಟ್ಟದ ಕೆಳಗೆ ಕೆದಂಬಾಡಿ ರಾಮಯ್ಯ ಗೌಡರಂಥ ಪ್ರಬಲ ರೈತರು, ನಂದಾವರದ ಲಕ್ಷ್ಮಪ್ಪ ಬಂಗರಸನಂಥ ಹಳೆಯ ಅರಸು ಮನೆತನದವರು ದಂಗೆಯ ಜೊತೆಗೇ ಇದ್ದರು. ಟರ್ಚಿನ್ ಇದನ್ನೆಲ್ಲ ಗಣಿತದ ಸೂತ್ರಕ್ಕೆ ಇಳಿಸಲು ನೋಡುತ್ತಾರೆ. ನನಗೆ ಅಷ್ಟು ಧೈರ್ಯ ಇಲ್ಲ. ಆದರೂ ಘಟ್ಟದ ಮೇಲೆ, ಕೆಳಗೆ ಎಂಬ ಈ ಹೋಲಿಕೆಗೆ ಅವರ ವಾದ ಚೆನ್ನಾಗಿಯೇ ಕೂರುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಸಿಟ್ಟು ಎಲ್ಲರಿಗೂ ಇದೆ, ಕೋವಿಯ ಭಯವೂ ಎಲ್ಲರಿಗೂ ಇದೆ. ಮೊದಲು ಹೊರಡುವವರು ಯಾರು? 1978ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜವಿಜ್ಞಾನಿ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ನೂರು ಜನ ಸೇರಿದ್ದಾರೆ. ಒಬ್ಬ ಯಾರನ್ನೂ ಕಾಯದೆ ಕಲ್ಲೆಸೆಯುತ್ತಾನೆ. ಇನ್ನೊಬ್ಬನಿಗೆ ಮುಂದೆ ಒಬ್ಬನಾದರೂ ಇರಬೇಕು. ಮೂರನೆಯವನಿಗೆ ಇಬ್ಬರು. ಹೀಗೆ ನೂರನೆಯವನಿಗೆ 99 ಜನ. ಮೊದಲನೆಯವನು ಕಲ್ಲೆಸೆದರೆ ನೂರೂ ಜನ ಒಬ್ಬರ ಹಿಂದೆ ಒಬ್ಬರು ಇಳಿಯುತ್ತಾರೆ. ಈಗ ಎರಡನೆಯವನೂ ಇಬ್ಬರನ್ನು ಕಾಯುವವನು ಎನ್ನಿ. ಕಲ್ಲೆಸೆದವನು ಒಬ್ಬನೇ ಉಳಿದ. ಗುಂಪು ಹೆಚ್ಚುಕಡಿಮೆ ಅದೇ, ಸಿಟ್ಟೂ ಅಷ್ಟೇ. ಮೊದಲ ಗುಂಪನ್ನು ಇತಿಹಾಸಕಾರರು ದಂಗೆ ಎಂದು ಬರೆಯುತ್ತಾರೆ, ಎರಡನೆಯದನ್ನು ಯಾರೋ ಪುಂಡನ ಕೆಲಸ ಎಂದು ಬಿಟ್ಟುಬಿಡುತ್ತಾರೆ.

ಕಲ್ಯಾಣಸ್ವಾಮಿಯ ವಿಚಿತ್ರ ಕಥೆ ನನಗೆ ಅರ್ಥವಾದದ್ದು ಈ ಲೆಕ್ಕದಿಂದ. ಹಾಲೇರಿ ವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯನ್ನು ಕಂಪನಿ ಅಷ್ಟರಲ್ಲೇ ಹಿಡಿದಿಟ್ಟಿತ್ತು. ಆದರೂ ಪುಟ್ಟಬಸಪ್ಪ ಎಂಬ ಸಾಮಾನ್ಯ ರೈತ ಅದೇ ಹೆಸರಲ್ಲಿ ದಂಗೆಯ ಮುಂದೆ ನಿಂತ. ಹಳಬರ ಬಾಯಲ್ಲಿನ ‘ಕಲ್ಯಾಣಪ್ಪ’ ಇದೇ ಹೆಸರು. ಜನ ಅಷ್ಟು ಮುಗ್ಧರಾಗಿದ್ದರೇ ಎಂದು ಕೇಳುವವರಿದ್ದಾರೆ. ಇವನು ನಿಜವಾದ ಅರಸುಮಗನೋ ಅಲ್ಲವೋ ಎನ್ನುವುದು ಅಷ್ಟು ಮುಖ್ಯವಾಗಿರಲಿಕ್ಕಿಲ್ಲ. ಅರಸ ಬಂದಿದ್ದಾನೆ ಎಂಬ ಸುದ್ದಿ ಪಕ್ಕದ ಊರಿನವನೂ ಕೇಳಿದ್ದಾನೆ, ಅವನೂ ಹೊರಡುತ್ತಾನೆ ಎಂಬ ನಂಬಿಕೆ ಸಾಕಿತ್ತು. ಆ ನಂಬಿಕೆ ಬಂದರೆ ಐವತ್ತು ಜನರನ್ನು ಕಾಯುವವನು ಹತ್ತು ಜನರನ್ನು ಕಂಡೇ ಹೊರಡುತ್ತಾನೆ. ಮಾರ್ಚ್ ತಿಂಗಳಲ್ಲಿ ಕಾಡುದಾರಿಗಳು ಒಣಗಿದ್ದು ಸುದ್ದಿಗೂ ಅನುಕೂಲ, ಜನರಿಗೂ ಅನುಕೂಲ. ಜೂನ್ ಮಳೆ ಹಿಡಿದ ಮೇಲೆ ಘಟ್ಟ ಹತ್ತಿಳಿದು ದಂಡು ಕಟ್ಟುವುದು ಆಗದ ಮಾತು.

ದಂಗೆ ಕುಸಿದದ್ದೂ ಬೇಗ. ಹೊರಗಿನಿಂದ ಕಂಪನಿಯ ಸೈನ್ಯ ಬಂದು ಮಂಗಳೂರನ್ನು ಹಿಂದಕ್ಕೆ ಪಡೆಯಿತು. ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸ ಮುಂತಾದವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ. ಕಂಪನಿಯ ಜೊತೆ ನಿಂತವರಿಗೆ ಚಿನ್ನ, ಬೆಳ್ಳಿಯ ಪದಕ ಸಿಕ್ಕಿತು. 1861ರಲ್ಲಿ ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಕೊಟ್ಟ ವಿನಾಯಿತಿಗೂ ಇಂಥ ನಿಷ್ಠೆಯೇ ಕಾರಣ. ಜಮ್ಮಾ ಹಿಡುವಳಿದಾರರ ಕೋವಿಗೆ ಅದು ಈಗಲೂ ನಡೆಯುತ್ತಿದೆ, 2029ರವರೆಗೆ ಮುಂದುವರಿಸಿದ್ದಾರೆ. ಅಪ್ಪಯ್ಯ ಗೌಡರಿಗೆ ಮಡಿಕೇರಿಯಲ್ಲಿ ಪ್ರತಿಮೆ ಇದೆ, ರಾಮಯ್ಯ ಗೌಡರಿಗೆ ಬಾವುಟಗುಡ್ಡೆಯಲ್ಲಿ 2022ರಲ್ಲಿ ಪ್ರತಿಮೆ ಬಂತು. ನಗದು ಕಂದಾಯದ ವಿಷಯವನ್ನು ಅವುಗಳ ಮುಂದೆ ನಡೆಯುವ ಭಾಷಣಗಳಲ್ಲಿ ನಾನಂತೂ ಕೇಳಿಲ್ಲ.