ವಿದೇಶಾಂಗ ಮಂತ್ರಿಯ ಉತ್ತರ ನಮ್ಮ ಗಲ್ಫ್ ಮನೆಗಳಿಗೆ ಎಂತಕ್ಕೆ ಬೇಕು?

ಪಾರ್ಲಿಮೆಂಟ್ ಸೆಶನ್ ಶುರುವಾದ್ರೆ ಸಾಕು, ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹಿಡಿದು ಬದಿಯಡ್ಕ, ಮುಳ್ಳೇರಿಯದವರೆಗೆ ಎಲ್ಲಾ ಫ್ಯಾಮಿಲಿ ಗ್ರೂಪಲ್ಲಿ ವಿದೇಶಾಂಗ ಮಂತ್ರಿ ಜೈಶಂಕರ್ ಅವರ ವಿಡಿಯೋ ತುಂಡುಗಳು ಸುತ್ತಲಿಕ್ಕೆ ಶುರು. ಯಾರೋ ಎಂಪಿ ಒಂದು ಪ್ರಶ್ನೆ ಕೇಳ್ತಾರೆ, ಇವರು ಮುಖದ ಒಂದು ಗೆರೆ ಅಲುಗಿಸದೆ ಉತ್ತರ ಕೊಡ್ತಾರೆ, ಕೆಳಗೆ ಸಾಲುಸಾಲು ಬೆಂಕಿ ಎಮೋಜಿ. ನೋಡ್ಲಿಕ್ಕೆ ನನಗೂ ಖುಷಿಯೇ, ಸುಳ್ಳು ಹೇಳುದಿಲ್ಲ. ಆದ್ರೆ ಗಲ್ಫಿಗೆ ಹೋಗುವವರ, ಅಲ್ಲಿ ಸಿಕ್ಕಿಬಿದ್ದವರ ಕಾಗದಪತ್ರ ಸರಿಮಾಡುದೇ ನನ್ನ ಹೊಟ್ಟೆಪಾಡು ಆದ ಕಾರಣ ಹೇಳ್ತೇನೆ, ನಮ್ಮ ಕೆಲಸಕ್ಕೆ ಬರುದು ಆ ವಿಡಿಯೋ ಅಲ್ಲ, ಅದೇ ವಾರ ಅದೇ ಮಿನಿಸ್ಟ್ರಿಯಿಂದ ಟೈಪ್ ಆಗಿ ಬಂದು ಯಾರೂ ಫಾರ್ವರ್ಡ್ ಮಾಡದೆ ಬಿದ್ದಿರುವ ಒಂದೂವರೆ ಪುಟದ ಲಿಖಿತ ಉತ್ತರ.

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ನಕ್ಷತ್ರ ಗುರುತಿನದ್ದು ಅಂದ್ರೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಕೊಡ್ಬೇಕು, ಕೇಳಿದ ಎಂಪಿ ಮೇಲಿಂದ ಉಪಪ್ರಶ್ನೆ ಹಾಕ್ಬಹುದು. ಲೋಕಸಭೆಯಲ್ಲಿ ದಿನಕ್ಕೆ ಇಂಥದ್ದು 20, ರಾಜ್ಯಸಭೆಯಲ್ಲಿ 15, ಅದರಲ್ಲೂ ಗಲಾಟೆ ಇಲ್ಲದ ದಿನ ಬಾಯಿಗೆ ಬರುದು ನಾಲ್ಕೋ ಐದೋ. ಗುರುತಿಲ್ಲದ್ದಕ್ಕೆ ಬರವಣಿಗೆಯಲ್ಲಿ ಉತ್ತರ, ಲೋಕಸಭೆಯಲ್ಲಿ ದಿನಕ್ಕೆ 230ರವರೆಗೆ, ರಾಜ್ಯಸಭೆಯಲ್ಲಿ 160. ಈಚಿನ ವರ್ಷಗಳಲ್ಲಿ ವಿದೇಶಾಂಗ ಇಲಾಖೆಯ ಸರದಿ ಹೆಚ್ಚಾಗಿ ರಾಜ್ಯಸಭೆಯಲ್ಲಿ ಗುರುವಾರ, ಲೋಕಸಭೆಯಲ್ಲಿ ಶುಕ್ರವಾರ ಬರ್ತದೆ. ಲಿಖಿತ ಉತ್ತರದಲ್ಲಿ ಜೈಶಂಕರ್ ಹೆಸರೇ ಇರ್ಬೇಕು ಅಂತ ಇಲ್ಲ, ಹೆಚ್ಚಾಗಿ ರಾಜ್ಯ ಸಚಿವರ ಹೆಸರಿರ್ತದೆ (2019ರಿಂದ 2024ರವರೆಗೆ ಹೆಚ್ಚಾಗಿ ಅದು ನಮ್ಮ ಕೇರಳದವರೇ ಆದ ವಿ. ಮುರಳೀಧರನ್). ಯಾರ ಹೆಸರಾದ್ರೂ ಅದು ಸರ್ಕಾರ ಸದನಕ್ಕೆ ಕೊಟ್ಟ ಮಾತು. ಸುಳ್ಳು ಮಾಹಿತಿ ಕೊಟ್ರೆ ಹಕ್ಕುಚ್ಯುತಿ ಅಂತ ಎಳೆದಾಡ್ತಾರೆ, ಹಾಗಾಗಿ ಒಂದೊಂದು ಪದವನ್ನೂ ಅಳೆದು ತೂಗಿಯೇ ಬರೆದಿರ್ತಾರೆ. ಓದುವವನೂ ಹಾಗೆಯೇ ಓದ್ಬೇಕು.

ಒಂದು ಉದಾಹರಣೆ ಬಿಡಿಸಿ ಹೇಳ್ತೇನೆ. ವಿದೇಶದ ಜೈಲಲ್ಲಿ ಎಷ್ಟು ಭಾರತೀಯರಿದ್ದಾರೆ ಅಂತ ಕೇಳದ ಸೆಶನ್ ಇಲ್ಲ ಅಂತ್ಲೇ ಹೇಳ್ಬಹುದು. 2025ರ ಮಾರ್ಚಲ್ಲಿ ರಾಜ್ಯಸಭೆಗೆ ಕೊಟ್ಟ ಲೆಕ್ಕ 10,152, ವಿಚಾರಣಾಧೀನರೂ ಸೇರಿ. ಸೌದಿ, ಯುಎಇ ಎರಡೇ ಕೂಡಿಸಿದ್ರೆ ಹತ್ತಿರ ಹತ್ತಿರ ಅರ್ಧ ಆಗ್ತದೆ. ಪೇಪರಲ್ಲಿ ಈ ಸುದ್ದಿ ಬಂದ ಮೇಲೆ ಕುಂಬಳೆ ಕಡೆಯ ಒಬ್ಬ ಹುಡುಗ ನನ್ನತ್ರ ಬಂದ, ಅವನ ಅಣ್ಣ ಸೌದಿಯಲ್ಲಿ ಒಳಗಿದ್ದಾನೆ. "ಸಾರ್, ನಾವು ಎಂಬೆಸಿಗೆ ಮೇಲ್ ಹಾಕಿದ್ರೆ ನಮಗೆ ಮಾಹಿತಿ ಇಲ್ಲ ಅಂತಾರೆ. ಹಾಗಾದ್ರೆ ಪಾರ್ಲಿಮೆಂಟಲ್ಲಿ ಲೆಕ್ಕ ಕೊಟ್ಟದ್ದು ಹೇಗೆ?" ನ್ಯಾಯವಾದ ಪ್ರಶ್ನೆಯೇ. ಉತ್ತರ ಅದೇ ಪುಟದಲ್ಲಿ ಉಂಟು, ಆದ್ರೆ ಎಲ್ಲರೂ ಹಾರಿಸಿ ಓದುವ ಸಾಲಲ್ಲಿ. ಬಹಳಷ್ಟು ದೇಶಗಳಲ್ಲಿ ಖಾಸಗಿತನದ ಕಾನೂನು ಬಿಗಿ ಇದೆ, ಕೈದಿ ತಾನೇ ಒಪ್ಪಿಗೆ ಕೊಡದೆ ಅಲ್ಲಿನವರು ಅವನ ವಿವರ ನಮ್ಮ ಎಂಬೆಸಿಗೆ ಕೊಡುದಿಲ್ಲ ಅಂತ ವರ್ಷವರ್ಷವೂ ಒಂದೇ ಮಾತು ಬರೆದಿರ್ತಾರೆ. ನೋಡ್ಲಿಕ್ಕೆ ಇದು ಜಾರಿಕೊಳ್ಳುವ ಸಾಲಿನ ಹಾಗೆ ಕಾಣ್ತದೆ, ಆದ್ರೆ ಮನೆಯವರು ಮಾಡ್ಬೇಕಾದ ಮೊದಲ ಕೆಲಸ ಅದ್ರಲ್ಲೇ ಉಂಟು. ಅಣ್ಣ ಜೈಲಿಂದ ಫೋನ್ ಮಾಡಿದಾಗ ಅಳುದು, ಸಮಾಧಾನ ಹೇಳುದು ಎಲ್ಲ ಆದ ಮೇಲೆ ಒಂದು ಮಾತು ಸ್ಪಷ್ಟ ಹೇಳ್ಬೇಕು: ನನ್ನ ವಿಷಯ ಭಾರತದ ಎಂಬೆಸಿಗೆ ತಿಳಿಸಿ, ನನಗೆ ಅವರನ್ನು ಕಾಣ್ಬೇಕು ಅಂತ ಜೈಲಿನವರತ್ರ ನೀನೇ ಕೇಳ್ಬೇಕು. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿ ಬಂಧನಕ್ಕೆ ಒಳಗಾದವನಿಗೆ ಆ ಹಕ್ಕು ಉಂಟು. ಅವನು ಕೇಳಿದ್ರೆ ಮಾತ್ರ ಬಾಗಿಲು ತೆರೀತದೆ. ನಮ್ಮ ಹುಡುಗರು ಮಾಡುದು ಉಲ್ಟಾ, ಊರಲ್ಲಿ ಮರ್ಯಾದೆ ಹೋಗ್ತದೆ ಅಂತ ಎಂಬೆಸಿಗೆ ಗೊತ್ತಾಗುದೇ ಬೇಡ ಅಂತಾರೆ, ಮತ್ತೆ ಮನೆಯವರು ಇಲ್ಲಿ ಎಂಬೆಸಿಗೆ ಬೈತಾ ಕೂರ್ತಾರೆ.

ಶಿಕ್ಷೆ ಆದ ಮೇಲೆ ಉಳಿದದ್ದನ್ನು ಊರಿನ ಜೈಲಲ್ಲಿ ಮುಗಿಸುವ ದಾರಿಯೂ ಇದೆ, 2003ರ ಕೈದಿಗಳ ವಾಪಸಾತಿ ಕಾಯ್ದೆ ಪ್ರಕಾರ. ಸೌದಿ, ಯುಎಇ, ಕುವೈತ್, ಕತಾರ್ ಜೊತೆ ಒಪ್ಪಂದ ಆಗಿದೆ. ಕೈದಿ, ಆ ದೇಶ, ನಮ್ಮ ದೇಶ ಮೂರೂ ಒಪ್ಪಬೇಕು, ಬೇರೆ ಕೇಸು ಬಾಕಿ ಇರಬಾರದು, ಸಾಮಾನ್ಯವಾಗಿ ಆರು ತಿಂಗಳಾದ್ರೂ ಶಿಕ್ಷೆ ಉಳಿದಿರ್ಬೇಕು, ಮರಣದಂಡನೆ ಆದವರಿಗೆ ಇದು ಇಲ್ಲ. ಇದನ್ನು ನೋಡಿಕೊಳ್ಳುದು ಗೃಹ ಇಲಾಖೆ ಅನ್ನುದು ಬೇರೆ ತಲೆಬಿಸಿ.

ಯಾವುದು ಯಾರ ಇಲಾಖೆ ಅನ್ನುದ್ರಲ್ಲಿ ನಮ್ಮ ಕಡೆಯವರು ಎಡವುದು ತುಂಬಾ. ಕಣ್ಣೂರು ಏರ್‌ಪೋರ್ಟ್ 2018ರ ಡಿಸೆಂಬರಲ್ಲಿ ಓಪನ್ ಆಯ್ತು, ವಿದೇಶಿ ಕಂಪೆನಿಯ ವಿಮಾನ ಅಲ್ಲಿಗೆ ಯಾಕೆ ಬರುದಿಲ್ಲ ಅಂತ ಜೈಶಂಕರ್ ಅವರನ್ನು ಕೇಳ್ಬೇಕು ಅಂತ ಎಷ್ಟೋ ಜನ ಹೇಳ್ತಾರೆ. ಕೇಳಿದ್ರೂ ಅದು ವಿಮಾನಯಾನ ಇಲಾಖೆಗೆ ವರ್ಗ ಆಗ್ತದೆ, ಯಾವ ದೇಶದ ವಿಮಾನ ಎಲ್ಲಿ ಇಳೀಬಹುದು ಅನ್ನುವ ಒಪ್ಪಂದ ಅವರ ಕೈಯಲ್ಲಿ. ಹಬ್ಬದ ಟೈಮಿನ ಟಿಕೆಟ್ ರೇಟೂ ಅವರದ್ದೇ. ಚಿನ್ನ ತರುದು ಹಣಕಾಸು ಇಲಾಖೆ. ಇನ್ನು 2020ರಲ್ಲಿ ಕೊರೋನಾ ಟೈಮಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರೋಡ್ ಮುಚ್ಚಿದಾಗ ಒಬ್ರು ಹಿರಿಯರು ಇದಕ್ಕೂ ವಿದೇಶಾಂಗ ಮಂತ್ರಿಯೇ ಬರ್ಬೇಕು ಅಂತ ಹೇಳಿದ್ರು. ತಮಾಷೆಗೆ ಹೇಳಿದ್ದೋ ಸಿಟ್ಟಿಗೋ ನನಗೆ ಇವತ್ತಿಗೂ ಗೊತ್ತಿಲ್ಲ.

ಲೆಕ್ಕ ಓದುವಾಗ ಇನ್ನೊಂದು ಹುಷಾರು ಬೇಕು. ಯಾವ ರಾಜ್ಯದಿಂದ ಎಷ್ಟು ಜನ ಕೆಲಸಕ್ಕೆ ಹೋದ್ರು ಅನ್ನುವ ಟೇಬಲ್ ಉತ್ತರಕ್ಕೆ ಅಂಟಿಸಿರ್ತಾರೆ, ಅದ್ರಲ್ಲಿ ಉತ್ತರ ಪ್ರದೇಶ, ಬಿಹಾರ ಮೇಲೆ, ಕೇರಳ ಎಲ್ಲೋ ಕೆಳಗೆ. ಹಾಗಾದ್ರೆ ಕೇರಳದವರು ಗಲ್ಫ್ ಬಿಟ್ರಾ? ಇಲ್ಲ ಮಾರಾಯ್ರೆ. ಆ ಟೇಬಲಲ್ಲಿ ಇರುದು ಎಮಿಗ್ರೇಶನ್ ಕ್ಲಿಯರೆನ್ಸ್ ತಗೊಂಡವರು ಮಾತ್ರ, ಅಂದ್ರೆ ಇಸಿಆರ್ (ಎಮಿಗ್ರೇಶನ್ ಚೆಕ್ ಬೇಕು ಅಂತ ಇರುವ) ಪಾಸ್‌ಪೋರ್ಟಿನವರು 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ತಗೊಳ್ಬೇಕಾದ್ದು. ಹತ್ತನೇ ಕ್ಲಾಸ್ ಪಾಸಾದವನಿಗೆ ಅದು ಬೇಡ, ನಮ್ಮ ಮಕ್ಕಳು ಹತ್ತು ಪಾಸ್ ಮಾಡಿಯೇ ಹೋಗುದಲ್ವಾ, ಹಾಗಾಗಿ ಸರ್ಕಾರದ ಪುಸ್ತಕದಲ್ಲಿ ಅವರು ಕಾಣುದೇ ಇಲ್ಲ. ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿ ಅಲ್ಲಿ ಕೆಲಸ ಹುಡುಕಿಕೊಳ್ಳುವವರೂ ಕಾಣುದಿಲ್ಲ. ಲೆಕ್ಕಕ್ಕೆ ಸಿಗದವನಿಗೆ ಆಪತ್ತು ಬಂದಾಗ ಇವನು ಯಾವ ಕಂಪೆನಿ, ಯಾವ ಏಜೆಂಟ್ ಅಂತ ಮೊದಲಿಂದ ಹುಡುಕ್ಬೇಕು.

ಇಲ್ಲೇ ಇನ್ಶೂರೆನ್ಸ್ ವಿಷಯ ಬರ್ತದೆ. ಪ್ರವಾಸಿ ಭಾರತೀಯ ಬೀಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಕವರ್ 10 ಲಕ್ಷ. ಇಸಿಆರ್‌ನವರಿಗೆ ಕಡ್ಡಾಯ, ಉಳಿದವರು ಬೇಕಾದ್ರೆ ತಗೊಳ್ಬಹುದು, ಆದ್ರೆ ಏಜೆಂಟ್ ಅದನ್ನು ಹೇಳುದಿಲ್ಲ, ಅವನಿಗೆ ಅದ್ರಲ್ಲಿ ಕಮಿಶನ್ ಎಂತದೂ ಇಲ್ಲ. ಒಂದು ಮಾತ್ರ ನೆನಪಿಡಿ, ಆ 10 ಲಕ್ಷ ಆಕ್ಸಿಡೆಂಟಲ್ಲಿ ಸತ್ರೆ ಅಥವಾ ಶಾಶ್ವತ ಅಂಗವೈಕಲ್ಯ ಆದ್ರೆ. ರಾತ್ರಿ ಮಲಗಿದವ ಹಾರ್ಟ್ ಅಟ್ಯಾಕಾಗಿ ಬೆಳಿಗ್ಗೆ ಏಳದಿದ್ರೆ ಈ ದುಡ್ಡು ಬರುದಿಲ್ಲ. ಇದನ್ನು ಹೆಣ ಮನೆಗೆ ಬಂದ ಮೇಲೆ ಹೇಳುವ ಪಾಡು ಯಾರಿಗೂ ಬೇಡ.

ಹೆಣ ತರುವ ಖರ್ಚು ಇನ್ನೊಂದು. 2024ರ ಜೂನ್ 12ಕ್ಕೆ ಕುವೈತಿನ ಮಂಗಾಫ್‌ನಲ್ಲಿ ಕೆಲಸದವರ ಬಿಲ್ಡಿಂಗಿಗೆ ಬೆಂಕಿ ಬಿದ್ದು 40ಕ್ಕಿಂತ ಹೆಚ್ಚು ಭಾರತೀಯರು ಸತ್ರು, ನಮ್ಮ ಜಿಲ್ಲೆಯ ಮನೆಗಳಿಗೂ ಆ ಸುದ್ದಿ ಬಂತು. ಆಗ ರಾಜ್ಯ ಸಚಿವರೇ ಅಲ್ಲಿಗೆ ಹೋಗಿ, ವಾಯುಸೇನೆಯ ವಿಮಾನದಲ್ಲಿ 14ನೇ ತಾರೀಕಿಗೆ ಹೆಣಗಳನ್ನು ಕೊಚ್ಚಿಗೆ ತಂದ್ರು. ಒಬ್ಬೊಬ್ಬನೇ ಸತ್ತಾಗ ಹಾಗೆ ವಿಮಾನ ಬರುದಿಲ್ಲ. ಕಂಪೆನಿ ಕೊಡ್ಬೇಕು, ಅದು ಕೈ ಎತ್ತಿದ್ರೆ, ಮನೆಯವರಿಗೂ ತಾಕತ್ತಿಲ್ಲದಿದ್ರೆ, ಎಂಬೆಸಿಯ ಕೈಯಲ್ಲಿರುವ ಇಂಡಿಯನ್ ಕಮ್ಯುನಿಟಿ ವೆಲ್ಫೇರ್ ಫಂಡಿಂದ ಕೊಡ್ಲಿಕ್ಕೆ ಅವಕಾಶ ಉಂಟು ಅಂತ ಲಿಖಿತ ಉತ್ತರಗಳಲ್ಲಿ ಮತ್ತೆ ಮತ್ತೆ ಬರೆದಿದ್ದಾರೆ. 2009ರಲ್ಲಿ ಶುರುವಾದ ಫಂಡ್, ನಾವು ಪಾಸ್‌ಪೋರ್ಟ್ ಅದು ಇದು ಅಂತ ಅಲ್ಲಿ ಕಟ್ಟುವ ಫೀಸಿನ ಜೊತೆ ಸೇರಿಸಿ ತಗೊಂಡ ದುಡ್ಡೇ ಅದು, ಯಾರ ದಾನಧರ್ಮವೂ ಅಲ್ಲ. ಹಾಗಾಗಿ ಕೇಳ್ಲಿಕ್ಕೆ ನಾಚಿಕೆ ಪಡ್ಬೇಡಿ. ಒಬ್ರು ಅಕ್ಕ, ಗಂಡ ಮಸ್ಕತ್ತಲ್ಲಿ ತೀರಿಕೊಂಡದ್ದು, ಯಾರೋ ಮಧ್ಯದವನು ಲಕ್ಷಗಟ್ಟಲೆ ಬೇಕು ಅಂದನಂತೆ ಅಂತ ಬಳೆ ಬಿಚ್ಚಲಿಕ್ಕೆ ತಯಾರಾಗಿ ಕೂತಿದ್ರು. ನಾವು ಒಂದು ಉತ್ತರದ ಪ್ರಿಂಟ್ ತೆಗೆದು, ಪ್ರಶ್ನೆ ನಂಬರು, ತಾರೀಕು ಬರೆದು ಅರ್ಜಿ ಜೊತೆ ಇಟ್ಟು, ವಿದೇಶಾಂಗ ಇಲಾಖೆಯವರ ದೂರು ಕೊಡುವ ವೆಬ್‌ಸೈಟ್ ಆದ ಮದದ್ ಪೋರ್ಟಲಲ್ಲೂ ಹಾಕಿದೆವು. ಆ ಪ್ರಿಂಟು ಆರ್ಡರ್ ಅಲ್ಲ, ಯಾರನ್ನೂ ಕಟ್ಟಿಹಾಕುದಿಲ್ಲ. ಆದ್ರೆ ಅದು ಕೈಯಲ್ಲಿದ್ರೆ "ಹಾಗೊಂದು ಇಲ್ಲವೇ ಇಲ್ಲ" ಅಂತ ಆಚೆ ಬದಿಯವರು ಸುಲಭಕ್ಕೆ ಹೇಳುದಿಲ್ಲ, ಅಷ್ಟು ಸಾಕು.

ಮದದ್ 2015ರಿಂದ ಇದೆ. ಒಬ್ಬನ ಕೇಸಿಗೆ ಅದೇ ಜಾಗ, ಪಾರ್ಲಿಮೆಂಟ್ ಅಲ್ಲ. ಪ್ರಶ್ನೆಗೆ 15 ದಿನ ಮೊದಲೇ ನೋಟಿಸ್ ಬೇಕು, ಮತ್ತೆ ಚೀಟಿ ಎತ್ತಿದ ಹಾಗೆ ಮಾಡುವ ಬ್ಯಾಲೆಟಲ್ಲಿ ಎಂಪಿಯ ಹೆಸರು ಬರ್ಬೇಕು, ಸೆಶನ್ ಇರುದೇ ವರ್ಷಕ್ಕೆ ಮೂರು, ಸಂಬಳ ಸಿಗದೆ ಕ್ಯಾಂಪಲ್ಲಿ ಕೂತವನಿಗೆ ಅಷ್ಟು ಪುರುಸೊತ್ತು ಎಲ್ಲಿದೆ.

ಸರ್ಟಿಫಿಕೇಟ್ ವಿಷಯವೂ ಒಂದು ಸಾಲು. ಅಪೋಸ್ಟಿಲ್ ಒಪ್ಪಂದ, ಅಂದ್ರೆ ನಮ್ಮ ಸರ್ಕಾರದ ಒಂದೇ ಮುದ್ರೆಯನ್ನು ಸೇರಿದ ದೇಶಗಳೆಲ್ಲ ಒಪ್ಪುವ ಏರ್ಪಾಡು, ಸೌದಿಯಲ್ಲಿ 2022ರ ಡಿಸೆಂಬರಲ್ಲಿ ಜಾರಿಗೆ ಬಂತು, ಒಮಾನ್, ಬಹ್ರೇನ್‌ನಲ್ಲಿ ಅದಕ್ಕಿಂತ ಮೊದಲೇ. ಯುಎಇ, ಕುವೈತ್, ಕತಾರಿಗೆ ಮಾತ್ರ ಹಳೆ ತರ ಎಂಬೆಸಿ ಸೀಲ್ ಬೇಕು. ಸೌದಿಗೂ ಎಂಬೆಸಿ ಸೀಲಿನ ದುಡ್ಡು ಕೇಳುವವರು ಈಗಲೂ ಇದ್ದಾರೆ, ಕೊಡ್ಬೇಡಿ.

ಹೇಳಿಕೆಗೂ ಉತ್ತರಕ್ಕೂ ವ್ಯತ್ಯಾಸ ಉಂಟು. 2025ರ ಫೆಬ್ರವರಿಯಲ್ಲಿ ಅಮೆರಿಕದಿಂದ ಗಡಿಪಾರಾದ 104 ಭಾರತೀಯರನ್ನು ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ತಂದು ಬಿಟ್ಟ ಮಾರನೇ ದಿನ ಜೈಶಂಕರ್ ರಾಜ್ಯಸಭೆಯಲ್ಲಿ ಓದಿದ್ದು ತಾವಾಗಿ ಕೊಟ್ಟ ಹೇಳಿಕೆ. 2009ರಲ್ಲಿ 734, 2019ರಲ್ಲಿ 2,042 ಅಂತ ವರ್ಷವಾರು ಲೆಕ್ಕ ಕೊಟ್ಟು, ಇದು ಹೊಸದಲ್ಲ ಅಂದ್ರು. ರಾಜ್ಯಸಭೆಯಲ್ಲಿ ಅಂಥ ಹೇಳಿಕೆ ಮೇಲೆ ಸ್ಪಷ್ಟನೆ ಕೇಳುವ ಪದ್ಧತಿ ಉಂಟು, ಲೋಕಸಭೆಯಲ್ಲಿ ಆಗ ಪ್ರಶ್ನೆ ಕೇಳ್ಲಿಕ್ಕೇ ಇಲ್ಲ. ಹೇಳಿಕೆಯಲ್ಲಿ ಮಂತ್ರಿ ತನಗೆ ಹೇಳ್ಬೇಕಾದ್ದನ್ನು ಹೇಳ್ತಾರೆ. ಪ್ರಶ್ನೆಯಲ್ಲಾದ್ರೆ ಕೇಳಿದವನಿಗೆ ಬೇಕಾದ್ದಕ್ಕೆ ಬಾಯಿ ಬಿಡ್ಬೇಕು, ಕೇಳಿದವ ಸರಿಯಾಗಿ ಕೇಳಿದ್ರೆ.

ಆ ಸರಿಯಾಗಿ ಕೇಳುದ್ರಲ್ಲಿ ನಮ್ಮ ಪಾಲೂ ಇದೆ. ನಮಗೆ ಲೋಕಸಭೆಗೆ ಒಬ್ರೇ ಎಂಪಿ, ಆದ್ರೆ ಕೇರಳದಿಂದ ರಾಜ್ಯಸಭೆಗೆ 9 ಜನ ಇದ್ದಾರೆ, ಅವರಿಗೂ ಬರೀಬಹುದು. "ಹೊರದೇಶದಲ್ಲಿ ದುಡಿಯುವವರ ಕಷ್ಟ ಕೇಳಿ" ಅಂತ ಬರೆದ್ರೆ "ಸರ್ಕಾರ ಅವರ ಕ್ಷೇಮಕ್ಕೆ ಅತ್ಯಂತ ಮಹತ್ವ ಕೊಡ್ತದೆ" ಅಂತ ಉತ್ತರ ಬರ್ತದೆ, ಅದನ್ನು ತಗೊಂಡು ಎಂತ ಮಾಡುದು? ಅದರ ಬದಲು ವರ್ಷ ಹಾಕಿ, ದೇಶ ಹಾಕಿ, ಕಳೆದ ಮೂರು ವರ್ಷದಲ್ಲಿ ಮಸ್ಕತ್ ಎಂಬೆಸಿಯಲ್ಲಿ ಹೆಣ ಕಳಿಸ್ಲಿಕ್ಕೆ ಎಷ್ಟು ಅರ್ಜಿ ಬಂತು, ಎಷ್ಟಕ್ಕೆ ಫಂಡ್ ಕೊಟ್ರು, ಎಷ್ಟು ತಿರಸ್ಕಾರ ಆಯ್ತು, ಯಾಕೆ ಅಂತ ಬರೀಬೇಕು. ಲೋಕಸಭೆಯಲ್ಲಾದ್ರೆ ಪ್ರಶ್ನೆ ಸಾಮಾನ್ಯವಾಗಿ 150 ಪದ ದಾಟಬಾರದು, ಎಲ್ಲಿಯೇ ಆದ್ರೂ ಅಭಿಪ್ರಾಯ ಕೇಳಬಾರದು, ಮಿತ್ರದೇಶವನ್ನು ಹೀಗಳೆಯಬಾರದು. ಆ ಅರಬಿ ಹೀಗೆ, ಆ ಸರ್ಕಾರ ಹಾಗೆ ಅಂತ ಸಿಟ್ಟು ತುಂಬಿಸಿದ್ರೆ ಆಫೀಸಲ್ಲೇ ಕತ್ತರಿ ಬೀಳ್ತದೆ.

ಉತ್ತರ ಬಂದದ್ದು ಸಂಸದ್ ವೆಬ್‌ಸೈಟಲ್ಲಿ ಮಿನಿಸ್ಟ್ರಿ ಹೆಸರು, ತಾರೀಕು ಹಾಕಿ ಹುಡುಕಿದ್ರೆ ಸಿಗ್ತದೆ, ವಿದೇಶಾಂಗ ಇಲಾಖೆಯ ಸೈಟಲ್ಲೂ ಇರ್ತದೆ. ಎ, ಬಿ, ಸಿ, ಡಿ ಅಂತ ಬಿಡಿಬಿಡಿ ಕೇಳಿದ್ದಕ್ಕೆ "ಎಯಿಂದ ಡಿವರೆಗೆ" ಅಂತ ಒಟ್ಟಿಗೆ ಕಟ್ಟಿ ಒಂದೇ ಪ್ಯಾರಾ ಕೊಟ್ಟಿದ್ರೆ ಯಾವ ಭಾಗಕ್ಕೆ ಉತ್ತರ ಬಂದಿಲ್ಲ ಅಂತ ಪೆನ್ನಲ್ಲಿ ಗುರುತು ಹಾಕಿ, ಮುಂದಿನ ಸೆಶನಿಗೆ ಅಷ್ಟನ್ನೇ ಮತ್ತೆ ಕೇಳಿಸಿ. "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಅಂತ ಇದ್ರೆ ಬಿಡ್ಬೇಡಿ, ಅದು ಸರ್ಕಾರದ ಭರವಸೆ ಅಂತ ಬೇರೆ ಪಟ್ಟಿಗೆ ಹೋಗ್ತದೆ, ಅದನ್ನು ನೋಡ್ಲಿಕ್ಕೇ ಎರಡೂ ಸದನದಲ್ಲಿ ಭರವಸೆಗಳ ಸಮಿತಿ ಉಂಟು, ಈಡೇರಿಸ್ಲಿಕ್ಕೆ ಮೂರು ತಿಂಗಳು ಟೈಮ್. ಮೂರು ತಿಂಗಳು ಕಳೆದ ಮೇಲೂ ಬರದಿದ್ರೆ ಆ ಪ್ರಶ್ನೆ ಕೇಳಿದ ಎಂಪಿಯ ಆಫೀಸಿಗೇ ಫೋನ್ ಮಾಡಿ ನಂಬರ್ ಹೇಳಿ ನೆನಪಿಸಿ.