ಎಫ್1 ಒತ್ತಿದಾಗ ನೆಟ್‌ವರ್ಕ್ ಇಲ್ಲದಿದ್ದರೆ

ಕೀಲಿಮಣೆಯ ಮೇಲ್ಸಾಲಿನಲ್ಲಿ ಎಸ್ಕೇಪ್ ಕೀಲಿಯ ಪಕ್ಕದಲ್ಲಿರುವ ಎಫ್1ಗೆ ದಶಕಗಳಿಂದ ಒಂದೇ ಉದ್ಯೋಗ, ಸಹಾಯ ತೆರೆಯುವುದು. ಮೊದಲು ಆ ಸಹಾಯ ಕಂಪ್ಯೂಟರಿನ ಒಳಗೇ ಇರುತ್ತಿತ್ತು. ಈಗ ಬಹುಪಾಲು ತಂತ್ರಾಂಶಗಳು ಎಫ್1 ಒತ್ತಿದ ಕೂಡಲೇ ಬ್ರೌಸರ್ ತೆರೆದು ತಮ್ಮ ಜಾಲತಾಣಕ್ಕೆ ಕಳುಹಿಸಿಬಿಡುತ್ತವೆ. ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶದಲ್ಲೂ ವಿಂಡೋಸ್ ಬಳಕೆದಾರರು ಸಹಾಯದ ಕಡತವನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಇಳಿಸಿಕೊಳ್ಳದವರಿಗೆ ಅಂತರಜಾಲದ ಪುಟವೇ ಗತಿ. ಮಲೆನಾಡಿನ ಮಳೆಗೆ ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಇಳಿದಾಗ, ನಡುಗಡಲಿನ ಹಡಗಿನಲ್ಲಿ, ಭದ್ರತೆಯ ಕಾರಣಕ್ಕೆ ಹೊರಜಾಲವನ್ನೇ ಕೊಡದ ಪ್ರಯೋಗಾಲಯದಲ್ಲಿ ತಂತ್ರಾಂಶ ಎಂದಿನಂತೆ ಓಡುತ್ತಿರುತ್ತದೆ, ಅದನ್ನು ಬಳಸುವುದು ಹೇಗೆಂದು ಹೇಳುವ ಪುಟ ಮಾತ್ರ ಸಿಗುವುದಿಲ್ಲ.

‘ಹಾಗಾದರೆ ಆ ಪುಟಗಳನ್ನೆಲ್ಲ ಇಳಿಸಿಟ್ಟುಕೊಂಡರಾಯಿತು’ ಎಂದು ಯಾರಿಗಾದರೂ ಅನ್ನಿಸುತ್ತದೆ. ಇಳಿಸುವುದೇನೋ ಸುಲಭ. ಕಷ್ಟವಿರುವುದು ಇಳಿಸಿದ್ದರಲ್ಲಿ ಬೇಕಾದದ್ದನ್ನು ಹುಡುಕುವುದರಲ್ಲಿ. ಸಾವಿರ ಪುಟಗಳಿದ್ದೂ ಬೇಕಾದ ಸಾಲು ಕೈಗೆ ಸಿಗದಿದ್ದರೆ ಅದು ಕೈಪಿಡಿಯಲ್ಲ, ಬರೀ ಕಡತಗಳ ರಾಶಿ.

ಈ ಮಾತನ್ನು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಿದವರು ಬಹಳ ಮೊದಲೇ ಅರಿತಿದ್ದರು. ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಬರೆದ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯ ಮೇಲೆ 1971ರ ನವೆಂಬರ್ 3ರ ದಿನಾಂಕವಿದೆ. ಅದರ ಪ್ರತಿ ಪುಟಕ್ಕೂ ಒಂದೇ ಅಚ್ಚು: ಆದೇಶದ (ಅಂದರೆ ಕಮಾಂಡಿನ) ಹೆಸರು, ಅದನ್ನು ಬರೆಯುವ ಕ್ರಮ, ವಿವರಣೆ, ಸಂಬಂಧಿಸಿದ ಕಡತಗಳು, ಇವನ್ನೂ ನೋಡಿ ಎಂಬ ಸೂಚನೆ. ಜೊತೆಗೆ ‘ದೋಷಗಳು’ ಎಂಬ ಶೀರ್ಷಿಕೆ. ತಮ್ಮ ತಂತ್ರಾಂಶದ ಹುಳುಕನ್ನು ತಾವೇ ಕೈಪಿಡಿಯಲ್ಲಿ ಅಚ್ಚು ಹಾಕಿಸುವ ಆ ಪ್ರಾಮಾಣಿಕತೆ ಇಂದಿನ ಮಾರಾಟ ವಿಭಾಗಗಳಿಗೆ ಸಹಿಸಲಾಗದ್ದು. ‘ಮ್ಯಾನ್ ಪೇಜ್’ ಎಂದು ಕರೆಯಲಾಗುವ ಈ ಪುಟಗಳು ಇವತ್ತಿಗೂ ಲಿನಕ್ಸ್‌ನಲ್ಲಿ ತಂತ್ರಾಂಶದ ಜೊತೆಗೇ ಬಂದು ಕೂರುತ್ತವೆ. ಹೆಸರಿನ ಮುಂದಿನ ಒಂದು ಸಾಲಿನ ವಿವರಣೆಗಳನ್ನು ಒಟ್ಟುಮಾಡಿ ಪಟ್ಟಿ ಮಾಡಿಟ್ಟಿರುವುದರಿಂದ ಆದೇಶದ ಹೆಸರೇ ಗೊತ್ತಿಲ್ಲದವರೂ ವಿಷಯ ಹೇಳಿ ಹುಡುಕಬಹುದು. ತಂತ್ರಾಂಶ ಮತ್ತು ಕೈಪಿಡಿ ಒಂದೇ ಪೊಟ್ಟಣದಲ್ಲಿ ಬರುವುದರಿಂದ ಇನ್ನೊಂದು ಲಾಭವೂ ಇದೆ. ನಿಮ್ಮಲ್ಲಿರುವುದು ಯಾವ ಆವೃತ್ತಿಯೋ ಕೈಪಿಡಿಯೂ ಅದೇ ಆವೃತ್ತಿಯದು. ಜಾಲತಾಣದ ಸಹಾಯಪುಟ ಸಾಮಾನ್ಯವಾಗಿ ಹೊಚ್ಚಹೊಸ ಆವೃತ್ತಿಯ ಬಗ್ಗೆ ಮಾತಾಡುತ್ತದೆ. ಅದು ಹೇಳುವ ಮೆನು ನಿಮ್ಮ ಪರದೆಯಲ್ಲಿ ಇರುವುದೇ ಇಲ್ಲ.

ವಿಂಡೋಸ್ ಲೋಕ ಹಿಡಿದದ್ದು ಬೇರೆ ದಾರಿ. 1990ರ ವಿಂಡೋಸ್ 3.0 ಜೊತೆ ಬಂದ ವಿನ್‌ಹೆಲ್ಪ್ ಕಡತಗಳು ಕೊಂಡಿ, ಹುಡುಕಾಟ, ಚಿತ್ರ ಎಲ್ಲವನ್ನೂ ಒಂದೇ ಕಡತದಲ್ಲಿ ಕಟ್ಟಿಕೊಟ್ಟವು. 1997ರಲ್ಲಿ ಅದರ ಜಾಗಕ್ಕೆ ಸಿಎಚ್ಎಂ ಬಂತು. ಇದು ಎಚ್‌ಟಿಎಂಎಲ್ ಪುಟಗಳನ್ನು, ಅಂದರೆ ಬ್ರೌಸರ್ ಓದುವ ಬಗೆಯ ಪುಟಗಳನ್ನು, ಒತ್ತಿ ಕಟ್ಟಿದ ಗಂಟು. ಎಡಗಡೆ ಪರಿವಿಡಿ, ಬಲಗಡೆ ಪುಟ, ಮೇಲೆ ಹುಡುಕಾಟ. ನನ್ನ ಮಟ್ಟಿಗೆ ಬಳಸಲು ಇಷ್ಟು ಹಿತವಾದ ಸಹಾಯಕಡತ ಆಮೇಲೆ ಬಂದಿಲ್ಲ. ಆದರೆ ಒಂದು ಕಂಪನಿಯ ಸ್ವಂತ ವಿನ್ಯಾಸಕ್ಕೆ ಆ ಕಂಪನಿಯ ಮನಸ್ಸಿರುವ ತನಕ ಮಾತ್ರ ಆಯುಷ್ಯ. ವಿಂಡೋಸ್ ವಿಸ್ತಾ ಬಂದಾಗ ವಿನ್‌ಹೆಲ್ಪ್ ಓದುವ ಪ್ರೋಗ್ರಾಮನ್ನು ಮೈಕ್ರೋಸಾಫ್ಟ್ ಕೈಬಿಟ್ಟಿತು. ಬೇಕಾದವರು ಬೇರೆಯಾಗಿ ಇಳಿಸಿಕೊಳ್ಳಬಹುದಿತ್ತು, ವಿಂಡೋಸ್ 10ಕ್ಕೆ ಬರುವಷ್ಟರಲ್ಲಿ ಆ ಅನುಕೂಲವೂ ಹೋಯಿತು. ಸಿಎಚ್ಎಂ ಇನ್ನೂ ತೆರೆಯುತ್ತದೆ. ಆದರೆ ಅದರ ಒಳಗೆ ಕೇಡಿನ ಕೋಡ್ ಸೇರಿಸಲು ಸಾಧ್ಯವಿದ್ದುದರಿಂದ ಅಂತರಜಾಲದಿಂದ ಇಳಿಸಿದ ಸಿಎಚ್ಎಂ ಕಡತವನ್ನು ವಿಂಡೋಸ್ ಅನುಮಾನದಿಂದಲೇ ನೋಡುತ್ತದೆ. ಪರಿವಿಡಿ ಕಾಣುತ್ತದೆ, ಬಲಗಡೆಯ ಪುಟ ಮಾತ್ರ ಖಾಲಿ. ಕಡತದ ಗುಣಲಕ್ಷಣಗಳ ಕಿಟಕಿಗೆ ಹೋಗಿ ‘ಅನ್‌ಬ್ಲಾಕ್’ ಎಂಬ ಗುರುತು ಹಾಕಿದರೆ ಪುಟ ಮೂಡುತ್ತದೆ. ಇದು ಗೊತ್ತಿಲ್ಲದೆ ಕಡತವೇ ಕೆಟ್ಟಿದೆಯೆಂದು ಅಳಿಸಿದವರು ಎಷ್ಟೋ ಜನ.

ಇನ್ನು ಜಾಲತಾಣವನ್ನೇ ನಕಲು ಮಾಡುವ ದಾರಿ. ಹರ್ವೋಯೆ ನಿಕ್ಷಿಚ್ 1996ರಲ್ಲಿ ಹೊರತಂದ ಡಬ್ಲ್ಯೂಗೆಟ್ ಎಂಬ ಪುಟ್ಟ ಆದೇಶ ಈ ಕೆಲಸಕ್ಕೆ ಈಗಲೂ ಮೊದಲ ಆಯ್ಕೆ. ಒಂದು ಪುಟದ ವಿಳಾಸ ಕೊಟ್ಟರೆ ಅದರಲ್ಲಿರುವ ಕೊಂಡಿಗಳನ್ನು ಹಿಡಿದು ಮುಂದಿನ ಪುಟಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಹೋಗುತ್ತ ಎಲ್ಲವನ್ನೂ ಇಳಿಸುತ್ತದೆ. ಮೇಲಿನ ಕೋಶಕ್ಕೆ (ಫೋಲ್ಡರಿಗೆ) ಹತ್ತಬೇಡ, ಪುಟಕ್ಕೆ ಬೇಕಾದ ಚಿತ್ರ ಮತ್ತು ವಿನ್ಯಾಸದ ಕಡತಗಳನ್ನು ತಾ, ಎರಡು ಪುಟಗಳ ನಡುವೆ ಒಂದೆರಡು ಸೆಕೆಂಡು ತಡೆ ಎಂದೆಲ್ಲ ಅದಕ್ಕೆ ಹೇಳಬಹುದು. ಕೊನೆಯದನ್ನು ಮರೆಯಬಾರದು. ಪುಣ್ಯಕ್ಕೆ ನಡೆಯುವ ಸರ್ವರ್‌ನ ಮೇಲೆ ಒಂದೇ ಸಮನೆ ಮುಗಿಬೀಳುವುದು ಸಭ್ಯತೆಯಲ್ಲ.

ಎಲ್ಲ ಇಳಿದ ಮೇಲೆ ಡಬ್ಲ್ಯೂಗೆಟ್ ಮಾಡುವ ಇನ್ನೊಂದು ಕೆಲಸವೇ ಇಲ್ಲಿ ಮುಖ್ಯ. ಪ್ರತಿ ಪುಟವನ್ನೂ ಮತ್ತೆ ತೆರೆದು ಕೊಂಡಿಗಳನ್ನು ತಿದ್ದುತ್ತದೆ. ತನ್ನ ಬಳಿ ಇರುವ ಪುಟದ ಕೊಂಡಿಯನ್ನು ‘ಇದೇ ಕೋಶದ ಆ ಕಡತ’ ಎಂದು ಬದಲಿಸುತ್ತದೆ, ಇಳಿಸದೆ ಬಿಟ್ಟ ಪುಟದ ಕೊಂಡಿಗೆ ಅಂತರಜಾಲದ ಪೂರ್ಣ ವಿಳಾಸ ಬರೆಯುತ್ತದೆ. ಯಾವ ಪುಟ ಸಿಕ್ಕಿತು, ಯಾವುದು ಸಿಗಲಿಲ್ಲ ಎಂಬುದು ಕೊನೆಗಷ್ಟೇ ಗೊತ್ತಾಗುವುದರಿಂದ ಈ ತಿದ್ದುಪಡಿ ಕೊನೆಗೇ ನಡೆಯಬೇಕು. ಇಳಿಸುವುದನ್ನು ಅರ್ಧಕ್ಕೆ ನಿಲ್ಲಿಸಿದರೆ ಪುಟಗಳಿರುತ್ತವೆ, ತಿದ್ದದೆ ಉಳಿದ ಎಷ್ಟೋ ಕೊಂಡಿಗಳು ಹೊರಜಾಲದ ಕಡೆಗೇ ಬೆರಳು ತೋರಿಸುತ್ತಿರುತ್ತವೆ.

ಇಷ್ಟಾದರೂ ಎರಡು ಗಂಟುಗಳು ಉಳಿಯುತ್ತವೆ. ಒಂದು, ಇಂದಿನ ಎಷ್ಟೋ ಸಹಾಯತಾಣಗಳಲ್ಲಿ ಪುಟವೆಂಬುದು ಸರ್ವರ್‌ನಿಂದ ಬರುವುದೇ ಇಲ್ಲ. ಬರುವುದು ಖಾಲಿ ಚೌಕಟ್ಟು ಮತ್ತು ಒಂದು ಜಾವಾಸ್ಕ್ರಿಪ್ಟ್. ಅದು ಬ್ರೌಸರ್‌ನಲ್ಲಿ ಓಡಿ, ಪಠ್ಯವನ್ನು ತರಿಸಿ, ಪುಟ ಕಟ್ಟುತ್ತದೆ. ಡಬ್ಲ್ಯೂಗೆಟ್‌ಗೆ ಜಾವಾಸ್ಕ್ರಿಪ್ಟ್ ಓಡಿಸಲು ಬಾರದು, ಅದರ ಕೈಗೆ ಸಿಗುವುದು ಚೌಕಟ್ಟು ಮಾತ್ರ. ಅಂಥ ತಾಣಗಳಿಗೆ ಪರದೆಯಿಲ್ಲದೆ ಓಡುವ ನಿಜವಾದ ಬ್ರೌಸರನ್ನೇ ಕಳುಹಿಸಿ, ಅದು ಕಂಡದ್ದನ್ನೆಲ್ಲ ದಾಖಲಿಸಿಕೊಳ್ಳಬೇಕಾಗುತ್ತದೆ.

ಎರಡನೆಯ ಗಂಟು ಹುಡುಕಾಟದ್ದು. ಇದು ಸ್ವಲ್ಪ ಕುತೂಹಲಕರ. ಇಳಿಸಿದ ಕೈಪಿಡಿಯ ಮೊದಲ ಪುಟ ಚೆನ್ನಾಗಿ ತೆರೆಯುತ್ತದೆ, ಹುಡುಕಾಟದ ಪೆಟ್ಟಿಗೆಯೂ ಕಾಣುತ್ತದೆ, ಪದ ಬರೆದರೆ ಮಾತ್ರ ಉತ್ತರವಿಲ್ಲ. ಕಾರಣ ಬ್ರೌಸರ್‌ನ ಭದ್ರತಾ ನಿಯಮ. ಡಿಸ್ಕಿನಿಂದ ನೇರವಾಗಿ ತೆರೆದ ಪುಟವೊಂದು ಪಕ್ಕದ ಇನ್ನೊಂದು ಕಡತವನ್ನು ಓದಲು ಬ್ರೌಸರ್ ಬಿಡುವುದಿಲ್ಲ. ಬಿಟ್ಟರೆ, ಯಾರೋ ಕಳುಹಿಸಿದ ಒಂದು ಎಚ್‌ಟಿಎಂಎಲ್ ಕಡತ ನಿಮ್ಮ ಡೌನ್‌ಲೋಡ್ ಕೋಶದ ಬ್ಯಾಂಕ್ ವಿವರವನ್ನೆಲ್ಲ ಓದಿ ರವಾನಿಸಬಹುದು. ಕ್ರೋಮ್ ಬಹಳ ಹಿಂದಿನಿಂದಲೂ ಈ ವಿಷಯದಲ್ಲಿ ಬಿಗಿ, ಫೈರ್‌ಫಾಕ್ಸ್ 2019ರಲ್ಲಿ ಬಿಗಿಯಾಯಿತು. ಎಂಕೆಡಾಕ್ಸ್ ಎಂಬ ಸಾಧನದಿಂದ ಕಟ್ಟಿದ ಕೈಪಿಡಿಗಳಲ್ಲಿ ಹುಡುಕುವ ಸೂಚಿ, ಅಂದರೆ ಪದಗಳ ಪಟ್ಟಿ, ಒಂದು ಬೇರೆ ದತ್ತಾಂಶ ಕಡತದಲ್ಲಿರುತ್ತದೆ, ಪುಟ ಅದನ್ನು ತರಿಸಿಕೊಳ್ಳಲು ಹೋಗಿ ಈ ಗೋಡೆಗೆ ಡಿಕ್ಕಿ ಹೊಡೆಯುತ್ತದೆ. ಸ್ಫಿಂಕ್ಸ್ ಎಂಬ ಸಾಧನದಲ್ಲಿ ಅದೇ ಸೂಚಿಯನ್ನು ಜಾವಾಸ್ಕ್ರಿಪ್ಟ್ ಕಡತವಾಗಿ ಬರೆದಿರುತ್ತಾರೆ. ಪಕ್ಕದ ಕಡತವನ್ನು ಓದುವುದು ನಿಷಿದ್ಧ, ಪಕ್ಕದ ಸ್ಕ್ರಿಪ್ಟನ್ನು ಓಡಿಸುವುದು ನಿಷಿದ್ಧವಲ್ಲ. ಹಾಗಾಗಿ ಸ್ಫಿಂಕ್ಸ್ ಕೈಪಿಡಿಯಲ್ಲಿ ನೆಟ್‌ವರ್ಕ್ ಇಲ್ಲದೆಯೂ ಹುಡುಕಾಟ ನಡೆಯುತ್ತದೆ. ಕೈಪಿಡಿಯನ್ನು ಮತ್ತೆ ಕಟ್ಟಿಕೊಳ್ಳಲು ಅದರ ಮೂಲಕಡತಗಳು ನಿಮ್ಮ ಕೈಯಲ್ಲಿಲ್ಲದಿದ್ದರೆ ಇನ್ನೊಂದು ಉಪಾಯ, ನಿಮ್ಮದೇ ಕಂಪ್ಯೂಟರಿನಲ್ಲಿ ಪುಟ್ಟ ಸರ್ವರ್ ಓಡಿಸುವುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಅದರಲ್ಲಿದ್ದರೆ ಒಂದೇ ಸಾಲಿನ ಆದೇಶ ಸಾಕು. ಆಗ ಬ್ರೌಸರ್ ಇದನ್ನು ಜಾಲತಾಣವೆಂದೇ ತಿಳಿದು ಸುಮ್ಮನಾಗುತ್ತದೆ.

ಮೂಲಕಡತಗಳ ಮಾತು ಬಂತು. ನಕಲು ಮಾಡುವುದಕ್ಕಿಂತ ಮೂಲದಿಂದಲೇ ಕಟ್ಟುವುದು ಯಾವಾಗಲೂ ಮೇಲು. ಗಿಯೋರ್ಗ್ ಬ್ರಾಂಡ್ಲ್ ಪೈಥಾನ್ ಭಾಷೆಯ ಕೈಪಿಡಿಗಾಗಿಯೇ ಸ್ಫಿಂಕ್ಸನ್ನು ಬರೆದು 2008ರಲ್ಲಿ ಬಿಡುಗಡೆ ಮಾಡಿದರು. ಲೇಖಕರು ಸರಳ ಪಠ್ಯದಲ್ಲಿ ಬರೆದದ್ದನ್ನು ಅದು ಜಾಲಪುಟವಾಗಿ, ಪಿಡಿಎಫ್ ಆಗಿ, ಇ-ಪುಸ್ತಕವಾಗಿ ಬೇಕಾದಂತೆ ಅಚ್ಚು ತೆಗೆದುಕೊಡುತ್ತದೆ. ಪೈಥಾನ್‌ನ ತಾಣದಲ್ಲಿ ಆಯಾ ಆವೃತ್ತಿಯ ಕೈಪಿಡಿ ಈ ಎಲ್ಲ ರೂಪಗಳಲ್ಲೂ ಸಿಗುತ್ತದೆ. ಮೂರು ಆಯಾಮದ ಚಿತ್ರ ರಚಿಸುವ ತಂತ್ರಾಂಶ ಬ್ಲೆಂಡರ್ ಕೂಡ ತನ್ನ ದೊಡ್ಡ ಕೈಪಿಡಿಯನ್ನು ಹೀಗೆಯೇ ಇಳಿಸಿಕೊಳ್ಳಲು ಕೊಡುತ್ತದೆ. ತಾಣವನ್ನು ಪುಟಪುಟವಾಗಿ ನಕಲು ಮಾಡಲು ಹೊರಡುವ ಮುನ್ನ ‘ಡೌನ್‌ಲೋಡ್’ ಎಂಬ ಕೊಂಡಿ ಎಲ್ಲಾದರೂ ಮೂಲೆಯಲ್ಲಿ ಅಡಗಿದೆಯೇ ಎಂದು ನೋಡುವುದು ಒಳ್ಳೆಯದು.

ಪುಟಗಳ ಸಂಖ್ಯೆ ಲಕ್ಷ ದಾಟಿದಾಗ ಬಿಡಿ ಕಡತಗಳಿಂದ ಕೆಲಸ ನಡೆಯುವುದಿಲ್ಲ, ಪೆನ್‌ಡ್ರೈವ್‌ಗೆ ನಕಲಿಸುವುದೇ ಯಾತನೆ. 2007ರಲ್ಲಿ ಆರಂಭವಾದ ಕಿವಿಕ್ಸ್ ಯೋಜನೆ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿದೆ. ವಿಕಿಪೀಡಿಯವನ್ನು ನೆಟ್‌ವರ್ಕ್ ಇಲ್ಲದವರಿಗೆ ತಲುಪಿಸಲೆಂದು ಹುಟ್ಟಿದ ಇದು ಬಳಸುವ ಜಿಮ್ ಎಂಬ ಕಡತದಲ್ಲಿ ಚಿತ್ರಗಳ ಸಮೇತ ಇಡೀ ಇಂಗ್ಲಿಷ್ ವಿಕಿಪೀಡಿಯ ಸುಮಾರು 100 ಜಿಬಿಯಲ್ಲಿ ಕೂರುತ್ತದೆ. ಎಲ್ಲವನ್ನೂ ಒಟ್ಟಿಗೆ ಒತ್ತಿ ಕುಗ್ಗಿಸಿದರೆ ಒಂದು ಪುಟ ಓದಲು ಇಡೀ ಗಂಟನ್ನು ಬಿಚ್ಚಬೇಕು, ಒಂದೊಂದನ್ನೇ ಒತ್ತಿದರೆ ಜಾಗ ಉಳಿಯುವುದಿಲ್ಲ. ಆದ್ದರಿಂದ ಜಿಮ್‌ನಲ್ಲಿ ಪುಟಗಳನ್ನು ಸಣ್ಣ ಸಣ್ಣ ಗುಂಪು ಮಾಡಿ ಗುಂಪನ್ನು ಒತ್ತುತ್ತಾರೆ. ಪುಟಗಳ ವಿಳಾಸಗಳನ್ನು ಅಕಾರಾದಿಯಾಗಿ ಜೋಡಿಸಿಟ್ಟಿರುವುದರಿಂದ ಹುಡುಕುವಾಗ ನಡುವಿನ ವಿಳಾಸ ನೋಡಿ ಅರ್ಧವನ್ನು ಬಿಡುವುದು, ಉಳಿದರ್ಧದ ನಡುವೆ ನೋಡಿ ಮತ್ತೆ ಅರ್ಧ ಬಿಡುವುದು. ಹೀಗೆ ಮಾಡಿದರೆ 70 ಲಕ್ಷ ಪುಟಗಳ ನಡುವೆ ಬೇಕಾದ್ದು ಸಿಗಲು 23 ಹೆಜ್ಜೆ ಸಾಕು. ಶಾಲೆಯ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಈ ಕಡತವಿಟ್ಟು ವೈಫೈ ಮೂಲಕ ಹಂಚಿದರೆ ಇಡೀ ತರಗತಿಯ ಮಕ್ಕಳು ಹೊರಜಾಲವಿಲ್ಲದೆ ಓದಬಹುದು. ತಂತ್ರಾಂಶಗಳ ಕೈಪಿಡಿಗಳನ್ನೂ ಹೀಗೆ ಜಿಮ್ ಮಾಡುವ ಸಾಧನಗಳಿವೆ.

ನಮ್ಮಲ್ಲಿ ಕೈಪಿಡಿ ಎಂದ ಕೂಡಲೇ ಎಲ್ಲರೂ ಕೇಳುವುದು ಪಿಡಿಎಫ್. ಅಚ್ಚು ಹಾಕಲು ಅದು ಸರಿ. ಪರದೆಯ ಮೇಲೆ, ಅದರಲ್ಲೂ ಮೊಬೈಲಿನಲ್ಲಿ, ಎಡಕ್ಕೂ ಬಲಕ್ಕೂ ಎಳೆದಾಡುತ್ತ ಓದುವುದು ಶಿಕ್ಷೆ. ಕನ್ನಡಕ್ಕಂತೂ ಇನ್ನೊಂದು ತೊಡಕಿದೆ. ಪಿಡಿಎಫ್ ಮೂಲತಃ ಅಕ್ಷರಗಳ ಚಿತ್ರಗಳನ್ನು ಯಾವ ಜಾಗದಲ್ಲಿ ಬರೆಯಬೇಕೆಂದು ಹೇಳುವ ಕಡತ. ‘ಮುದ್ರಿಸು’ ಎಂಬ ಪದ ನೋಡಿ. ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಅದರ ನಡುವಿನ ಅಕ್ಷರ ದಕಾರ, ಹಲಂತ, ರಕಾರ, ಆಮೇಲೆ ಗುಡಿಸು ಎಂಬ ಕ್ರಮದಲ್ಲಿರುತ್ತದೆ. ಆದರೆ ಬರೆಯುವಾಗ ಗುಡಿಸು ದಕಾರದ ತಲೆಗೆ ಅಂಟುತ್ತದೆ, ರಕಾರದ ಒತ್ತು ಆಮೇಲೆ ಬರುತ್ತದೆ. ಪಿಡಿಎಫ್ ಮಾಡಿದ ತಂತ್ರಾಂಶ ಮೂಲ ಕ್ರಮವನ್ನು ಜೊತೆಗೆ ದಾಖಲಿಸದಿದ್ದರೆ ಕಡತದಲ್ಲಿ ಉಳಿಯುವುದು ‘ದಿ’, ಅದರ ಹಿಂದೆ ಒಂದು ಒತ್ತು. ಕಣ್ಣಿಗೆ ಪದ ಸರಿಯಾಗಿಯೇ ಕಾಣುತ್ತದೆ, ‘ಮುದ್ರಿಸು’ ಎಂದು ಹುಡುಕಿದರೆ ಇಲ್ಲವೆನ್ನುತ್ತದೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಪಿಡಿಎಫ್‌ಗಳ ಕಥೆ ಹೇಳುವುದೇ ಬೇಡ, ಅವುಗಳಿಂದ ನಕಲಿಸಿದರೆ ಬರುವುದು ರೋಮನ್ ಅಕ್ಷರಗಳ ಚಿತ್ರಾನ್ನ.

ಎಚ್‌ಟಿಎಂಎಲ್‌ನಲ್ಲಿ ಈ ತೊಂದರೆಯಿಲ್ಲ, ಆದರೂ ಕನ್ನಡದ ಹುಡುಕಾಟ ತನ್ನಿಂದ ತಾನೇ ಆಗುವುದಿಲ್ಲ. ಸೂಚಿ ಎಂದರೆ ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿ. ಕೈಪಿಡಿಯಲ್ಲಿ ‘ಕಡತದ ಹೆಸರನ್ನು ಬದಲಿಸಿ’ ಎಂದಿದೆ, ಓದುಗ ಹುಡುಕುವುದು ‘ಹೆಸರು’. ಹೆಸರನ್ನು, ಹೆಸರಿನ, ಹೆಸರಿಗೆ ಇವುಗಳಲ್ಲಿ ಯಾವುದೂ ‘ಹೆಸರು’ ಎಂದು ಆರಂಭವಾಗುವುದಿಲ್ಲ, ಕೊನೆಯ ಕೊಂಬು ವಿಭಕ್ತಿ ಬಂದೊಡನೆ ಬಿದ್ದುಹೋಗುತ್ತದೆ. ಆ ಕೊಂಬನ್ನು ಕತ್ತರಿಸಿ ಉಳಿದ ಭಾಗದಿಂದ ಶುರುವಾಗುವ ಪದಗಳನ್ನೆಲ್ಲ ಹುಡುಕುವಂತೆ ಮಾಡಿದರೆ ಮೂರೂ ಸಿಗುತ್ತವೆ. ಜೊತೆಗೆ ಹೆಸರುಬೇಳೆಯೂ ಹೆಸರಘಟ್ಟವೂ ಸಿಗುತ್ತವೆ, ತಂತ್ರಾಂಶದ ಕೈಪಿಡಿಯಲ್ಲಿ ಅವೆರಡರ ಕಾಟ ಅಷ್ಟಿರಲಾರದು.

ಇದಕ್ಕಿಂತ ಗುಪ್ತವಾದ ಶತ್ರು ಇನ್ನೊಂದಿದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರಕ್ಕೆ ವಕಾರದ ಒತ್ತು ಬರದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಯುನಿಕೋಡ್ ಅಕ್ಷರ ಹಾಕುತ್ತೇವೆ. ಕೈಪಿಡಿ ಬರೆದವರು ಹಾಕಿ, ಹುಡುಕುವವರು ಹಾಕದಿದ್ದರೆ ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ ಪದಗಳು. ಮೊಬೈಲಿನ ಎಷ್ಟೋ ಕೀಲಿಮಣೆಗಳಲ್ಲಿ ಆ ಅಕ್ಷರ ಎಲ್ಲಿದೆ ಎಂಬುದೇ ಬಳಕೆದಾರರಿಗೆ ತಿಳಿದಿರುವುದಿಲ್ಲ. ಪರಿಹಾರ ಮಾತ್ರ ಸುಲಭ: ಸೂಚಿ ಕಟ್ಟುವಾಗಲೂ ಹುಡುಕುವಾಗಲೂ ಆ ಅಕ್ಷರವನ್ನು ತೆಗೆದುಹಾಕುವುದು. ಎರಡು ಸಾಲಿನ ಕೋಡ್. ಆ ಎರಡು ಸಾಲು ಇಲ್ಲದೆ ಕನ್ನಡದ ಸಹಾಯಕಡತಗಳಲ್ಲಿ ಹುಡುಕಾಟ ಕುಂಟುವುದನ್ನು ನೋಡಿದರೆ ಸಿಟ್ಟು ಬರುತ್ತದೆ.

ಕೈಪಿಡಿ ಸಿದ್ಧವಾಯಿತು ಎನ್ನುವ ಮುನ್ನ ವೈಫೈ ಆರಿಸಿ, ಅದನ್ನು ಕಟ್ಟದ ಬೇರೊಬ್ಬರ ಕೈಗೆ ಕೊಟ್ಟು, ಪುಟದ ಅಂಚು ಬದಲಿಸುವಂಥ ನಿಜವಾದ ಕೆಲಸವೊಂದನ್ನು ಹೇಳಬೇಕು. ಕಟ್ಟಿದವರಿಗೆ ಪುಟ ಎಲ್ಲಿದೆಯೆಂದು ಗೊತ್ತಿರುವುದರಿಂದ ಅವರ ಪರೀಕ್ಷೆಗೆ ಬೆಲೆಯಿಲ್ಲ. ವೈಫೈ ಆರಿಸದೆ ನೋಡಿದರೆ ಹೊರಜಾಲದಿಂದ ಬರುತ್ತಿರುವ ಫಾಂಟು, ಚಿತ್ರ, ವಿಡಿಯೊ ಯಾವುದೂ ಸಿಕ್ಕಿಬೀಳುವುದಿಲ್ಲ. ಮೂಲ ಕೈಪಿಡಿಯ ಪರವಾನಗಿ ನಕಲು ಹಂಚಲು ಬಿಡುತ್ತದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು. ಬ್ಲೆಂಡರ್ ಕೈಪಿಡಿಯಂತೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದ್ದರೆ ಮೂಲದ ಹೆಸರು ಹೇಳಿ ಹಂಚಬಹುದು, ‘ಎಲ್ಲ ಹಕ್ಕು ಕಾಯ್ದಿರಿಸಿದೆ’ ಎಂದಿದ್ದರೆ ಸ್ವಂತ ಬಳಕೆಗೆ ಇಟ್ಟುಕೊಂಡು ಸುಮ್ಮನಿರುವುದು ಕ್ಷೇಮ. ಹಂಚುವುದಾದರೆ ಮೊದಲ ಪುಟದ ತಲೆಯಲ್ಲೇ ದಪ್ಪಕ್ಷರದಲ್ಲಿ ತಂತ್ರಾಂಶದ ಆವೃತ್ತಿಯ ಸಂಖ್ಯೆ ಮತ್ತು ಕೈಪಿಡಿ ಇಳಿಸಿದ ದಿನಾಂಕ ಇರಲಿ. ಮುಂದೆ ಯಾವುದೋ ಪೆನ್‌ಡ್ರೈವ್‌ನಲ್ಲಿ ಇದನ್ನು ಕಂಡವರು ತಮ್ಮ ತಂತ್ರಾಂಶಕ್ಕೆ ಇದು ಹೊಂದುತ್ತದೆಯೇ ಎಂದು ಮೊದಲು ನೋಡುವುದು ಅದನ್ನೇ.