ಕೋಟೆ ತುದಿಯ ಚಾಮುಂಡಾ: ಮೆಹ್ರಾನ್‌ಗಢದ ಇಕ್ಕಟ್ಟಿನ ದಾರಿಯ ಕಥೆ

ಜೋಧಪುರಕ್ಕೆ ಹೋದವರು ಮೆಹ್ರಾನ್‌ಗಢ ಕೋಟೆ ನೋಡದೆ ಬರುವುದಿಲ್ಲ. ಊರಿನಿಂದ ಸುಮಾರು 400 ಅಡಿ ಎತ್ತರದ ಬಂಡೆಯ ಮೇಲೆ ಅದು ಕೂತಿದೆ. ಟಿಕೆಟ್ ತಗೊಂಡು, ಮ್ಯೂಸಿಯಂ ನೋಡಿ, ಫೋಟೋ ತೆಗೆದು ಇಳಿದುಬರುವ ಪ್ರವಾಸಿಗರೇ ಜಾಸ್ತಿ. ಆದರೆ ಊರಿನವರು ಹತ್ತುವುದು ಅರಮನೆ ನೋಡೋಕಲ್ಲ, ಕೋಟೆಯ ದಕ್ಷಿಣ ತುದಿಯಲ್ಲಿರುವ ಚಾಮುಂಡಾ ಮಾತೆಯ ದರ್ಶನಕ್ಕೆ. ನವರಾತ್ರಿಯಲ್ಲಿ ಆ ದಾರಿಯಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಇಷ್ಟು ಜನ ನಡೆದುಕೊಳ್ಳುವ ದೇವಿ ಇಷ್ಟು ಇಕ್ಕಟ್ಟಿನ ಜಾಗದಲ್ಲಿ ಯಾಕಿದ್ದಾಳೆ?

ಚಾಮುಂಡಾ ಮೊದಲು ಇಲ್ಲಿದ್ದವಳಲ್ಲ. ಹತ್ತಿರದ ಮಂಡೋರಿನ ಪಡಿಹಾರ ಅರಸರು ಪೂಜಿಸುತ್ತಿದ್ದ ದೇವಿ ಅವಳು. ರಾಠೋಡ ವಂಶದ ಅರಸ ರಾವ್ ಜೋಧಾ 1459ರಲ್ಲಿ ಮಂಡೋರ್ ಬಿಟ್ಟು ಈ ಬಂಡೆಯ ಮೇಲೆ ಹೊಸ ಕೋಟೆಗೆ ಕೈಹಾಕಿದ. ಮರುವರ್ಷವೇ ದೇವಿಯನ್ನೂ ಕರೆತಂದ. ರಾಠೋಡರ ಕುಲದೇವತೆ ನಾಗಣೇಚಿಯಾ ಮಾತೆ. ಅಂದರೆ ಜೋಧಾ ತಂದದ್ದು ತನಗಿಂತ ಮೊದಲು ಆ ನೆಲ ಆಳಿದವರ ಅಮ್ಮನನ್ನು. ನೆಲ ಕೈಗೆ ಬಂದರೆ ಸಾಲದು, ಆ ನೆಲದ ದೇವಿಯೂ ಒಲಿಯಬೇಕಲ್ವಾ? ನನಗೆ ಈ ಕೋಟೆಯ ಚರಿತ್ರೆಯಲ್ಲಿ ತುಂಬ ಹಿಡಿಸಿದ ಸಂಗತಿ ಇದೇ.

ಈಗ ಕಾಣುವ ಗುಡಿ ಮಾತ್ರ ಅಷ್ಟು ಹಳೆಯದಲ್ಲ. 1857ರಲ್ಲಿ ಕೋಟೆಯ ಮದ್ದಿನ ಮನೆ ಸಿಡಿದು ಗುಡಿ ಹಾಳಾಯಿತು. ಮಹಾರಾಜ ತಖತ್ ಸಿಂಗ್ ಮತ್ತೆ ಕಟ್ಟಿಸಿದ. ನಂಬಿಕೆಗೆ ಮಾತ್ರ ಏನೂ ಆಗಲಿಲ್ಲ. ಕೋಟೆಯ ಮೇಲೆ ಸುತ್ತುವ ಹದ್ದುಗಳನ್ನು ಜನ ದೇವಿಯ ರೂಪವೆಂದೇ ನೋಡುತ್ತಾರೆ. 1965ರ ಯುದ್ಧದಲ್ಲಿ ಜೋಧಪುರದ ಮೇಲೆ ಬಾಂಬ್ ಬಿದ್ದಾಗ ಊರನ್ನು ಕಾಪಾಡಿದ್ದು ಅವಳೇ ಎಂದು ಇಂದಿಗೂ ಹೇಳುತ್ತಾರೆ.

ಇನ್ನು ದಾರಿಯ ವಿಷಯ. ಕೋಟೆಯ ಬಾಗಿಲಿಗೆ ಅಲ್ಲಿ ಪೋಲ್ ಎನ್ನುತ್ತಾರೆ. ಜಯ್ ಪೋಲ್ ದಾಟಿದರೆ ಏರು ಶುರು. ಎರಡೂ ಕಡೆ ಎತ್ತರದ ಗೋಡೆ. ಲೋಹಾ ಪೋಲ್ ಬಳಿ ದಾರಿ ಥಟ್ಟನೆ ತಿರುಗುತ್ತದೆ. ಆನೆ ಓಡಿಬಂದು ಬಾಗಿಲಿಗೆ ಗುದ್ದಬಾರದು ಎಂದೇ ಆ ತಿರುವು, ಬಾಗಿಲ ಮೇಲೆ ಚೂಪಾದ ಕಬ್ಬಿಣದ ಮುಳ್ಳುಗಳು. ಪಕ್ಕದ ಗೋಡೆಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಅಂಗೈ ಗುರುತುಗಳಿವೆ. 1843ರಲ್ಲಿ ಮಹಾರಾಜ ಮಾನ್ ಸಿಂಗ್‌ನ ಚಿತೆ ಏರಿದ ರಾಣಿಯರದ್ದು ಎನ್ನುತ್ತಾರೆ. ನಿಮ್ಮ ಕೈ ಪಕ್ಕದಲ್ಲಿಟ್ಟು ನೋಡಿದರೆ ಎಷ್ಟು ಚಿಕ್ಕವು ಎಂದು ಎದೆ ಚುರ್ರೆನ್ನುತ್ತದೆ.

ಒಟ್ಟಿನಲ್ಲಿ ಜನ ಒಮ್ಮೆಲೇ ನುಗ್ಗದಂತೆ ತಡೆಯಲು ಕಟ್ಟಿದ ಜಾಗ ಅದು. ವೈರಿಗಳಿಗೆಂದು ಮಾಡಿದ ಇಕ್ಕಟ್ಟಿನಲ್ಲೇ ಈಗ ಭಕ್ತರು ನಡೆಯುತ್ತಾರೆ. ರಾಜಮನೆತನದ ದೇವಿ ಇಡೀ ಊರಿನ ಅಮ್ಮನಾದಳು, ದಾರಿ ಮಾತ್ರ ಅಷ್ಟೇ ಅಗಲ ಉಳಿಯಿತು.

ಅದರ ಬೆಲೆ ಗೊತ್ತಾದದ್ದು 2008ರ ಸೆಪ್ಟೆಂಬರ್ 30ರಂದು. ನವರಾತ್ರಿಯ ಮೊದಲ ದಿನ, ಇನ್ನೂ ಬೆಳಗಿನ ಜಾವ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸಾಲು. ಗಂಡಸರ ಸಾಲಿನಲ್ಲಿ, ಇಳಿಜಾರಿನಲ್ಲಿ, ಮೇಲಿದ್ದವರು ಕೆಳಗಿದ್ದವರ ಮೇಲೆ ಬಿದ್ದರು. ಪಕ್ಕಕ್ಕೆ ಸರಿಯಲು ಜಾಗವಿರಲಿಲ್ಲ. 200ಕ್ಕೂ ಹೆಚ್ಚು ಜನ ಉಸಿರುಗಟ್ಟಿ ಸತ್ತರು. ಹೆಚ್ಚಿನವರು ಹರೆಯದ ಹುಡುಗರು. ದರ್ಶನ ಮುಗಿಸಿ ತಿಂಡಿ ಹೊತ್ತಿಗೆ ಮನೆ ಸೇರಬೇಕಿದ್ದ ಮಕ್ಕಳು.

ಇಂಥ ಸಾವುಗಳನ್ನು ವಿಧಿ ಎಂದು ಸುಮ್ನೆ ಬಿಟ್ಟುಬಿಡುವುದನ್ನು ನಾನು ಒಪ್ಪುವುದಿಲ್ಲ. ಇಳಿಜಾರು ಎಲ್ಲಿದೆ, ದಾರಿ ಎಲ್ಲಿ ಕಿರಿದಾಗುತ್ತದೆ ಎಂಬುದು ಶತಮಾನಗಳಿಂದ ಕಣ್ಣೆದುರೇ ಇತ್ತು. ಎಷ್ಟು ಜನರನ್ನು ಒಮ್ಮೆಗೆ ಬಿಡಬೇಕು, ಹೋಗುವವರಿಗೂ ಬರುವವರಿಗೂ ಬೇರೆ ದಾರಿ ಇದೆಯೇ ಎಂದು ಮೊದಲೇ ಲೆಕ್ಕ ಹಾಕಬಹುದಿತ್ತು.

ದುರಂತದ ತನಿಖೆಗೆ ರಾಜಸ್ಥಾನ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಜಸರಾಜ್ ಚೋಪ್ರಾ ಅವರ ಆಯೋಗ ನೇಮಿಸಿತು. 2011ರಲ್ಲಿ ವರದಿ ಸರ್ಕಾರದ ಕೈಸೇರಿತು. ಆದರೆ ವರ್ಷಗಟ್ಟಲೆ ಅದು ಜನರ ಕೈಗೆ ಬರಲಿಲ್ಲ. ತಮ್ಮ ಮಕ್ಕಳು ಹೇಗೆ ಸತ್ತರೆಂದು ಓದಿ ತಿಳಿಯಲು ಮನೆಯವರು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು.